ದೊರೆ ಸತ್ತಾಗ ಬಡಿಯುವ ಬಾಗಿಲು

ಮಧ್ಯಾಹ್ನ ಹಿಡಿದ ಮಳೆ ಸಂಜೆಯ ಪ್ರಾರ್ಥನೆ ಮುಗಿದರೂ ಬಿಟ್ಟಿರಲಿಲ್ಲ. ಇಗರ್ಜಿಯ ಹೆಬ್ಬಾಗಿಲ ಪಕ್ಕದ ಕಾವಲು ಕೋಣೆಯಲ್ಲಿ ಮೂವರು ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದರು. ಮೂವತ್ತೈದು ವರ್ಷ ಆ ಬಾಗಿಲು ಕಾದು ಇಂದಿಗೆ ಕೆಲಸ ಬಿಡುತ್ತಿದ್ದ ಮುದುಕ ಆಸ್ಬರ್ಟ್, ನಾಳೆಯಿಂದ ಅವನ ಜಾಗಕ್ಕೆ ಬರಲಿದ್ದ ಥರ್ಸ್ಟನ್, ಬಾರ್ಲಿ ಹೆಂಡ ಮಾರಲು ಬಂದು ಮಳೆಗೆ ಸಿಕ್ಕಿಕೊಂಡ ಹೆಂಗಸು ಹಾವಿಸ್. ಥರ್ಸ್ಟನ್‌ಗೆ ಕೀಲಿಕೈ ಇನ್ನೂ ಸಿಕ್ಕಿರಲಿಲ್ಲ, ಕೇಳಲು ಸಂಕೋಚ. ಮುದುಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದ.

"ಕೊಡ್ತೀನಪ್ಪಾ, ಹಾಗೆ ನೋಡ್ಬೇಡ. ಇದನ್ನ ಸ್ವರ್ಗಕ್ಕೆ ಹೊತ್ಕೊಂಡು ಹೋಗಲ್ಲ, ಅಲ್ಲಿ ಬೇರೆ ಬಾಗಿಲುಗಾರ ಇದ್ದಾನೆ. ಹಾವಿಸ್, ನಿನ್ನ ಹೆಂಡಕ್ಕೂ ಮಳೆ ಬಿತ್ತೇನೇ?"

"ಕುಡಿಯೋದೂ ಕುಡಿದು ಕೊಂಕು ಬೇರೆ. ಏನೋ ಹೇಳ್ಬೇಕು ಅಂದ್ಯಲ್ಲ, ಹೇಳಜ್ಜ."

ಮುದುಕ ಬೆಂಕಿಗೆ ಇನ್ನೊಂದು ಕೊರಡು ನೂಕಿದ.

"ಹೊರಗೆ ಬಾಗಿಲಿಗೆ ಕಂಚಿನ ಬಳೆ ಇದೆಯಲ್ಲ... ಅದನ್ನ ಹಿಡಿದು ಬಡಿದವನು ಎಂಥಾ ಪಾಪಿಯಾದ್ರೂ ಒಳಗೆ ಬಿಡ್ಬೇಕು, ದೇವರ ಮನೇಲಿ ಅವನನ್ನ ಯಾರೂ ಮುಟ್ಟೋ ಹಾಗಿಲ್ಲ. ಆದ್ರೆ ಪುಕ್ಕಟೆ ಅಲ್ಲ. ನಲವತ್ತು ದಿನ ಆದ್ಮೇಲೆ ಬರಿಗಾಲಲ್ಲಿ, ಕೈಲೊಂದು ಮರದ ಶಿಲುಬೆ ಹಿಡ್ಕೊಂಡು ಬಂದರಿಗೆ ನಡೀಬೇಕು, ಹಡಗು ಹತ್ಬೇಕು, ಮತ್ತೆ ಈ ನೆಲ ತುಳಿಯೋ ಹಾಗಿಲ್ಲ.

ನನ್ನ ತಮ್ಮ ವಿಲ್ಕಿನ್... ದೊರೆ ಕಾಡಲ್ಲಿ ಜಿಂಕೆ ಹೊಡೆದ. ಮನೇಲಿ ಬಾಣಂತಿ ಹೆಂಡ್ತಿ, ಒಲೆ ಹೊತ್ತಿಸಿ ಮೂರು ದಿನ ಆಗಿತ್ತು. ಜಿಂಕೆ ಹೊಡೆದವನ ಕಣ್ಣು ಕೀಳ್ತಿದ್ದ ಕಾಲ ಅದು. ಕಾಡಿನ ಕಾವಲಿನವರು ಬೆನ್ನು ಹತ್ತಿದ್ರು, ಓಡಿ ಬಂದು ಈ ಬಳೆ ಬಡಿದ. ಅವತ್ತೇ ಬೆಳಿಗ್ಗೆ ಸುದ್ದಿ ಬಂದಿತ್ತು, ದೊರೆ ಸತ್ತ ಅಂತ. ಆಗೆಲ್ಲ ದೊರೆ ಸತ್ರೆ ಅವನ ಕಾನೂನೂ ಅವನ ಜೊತೆಗೇ ಮಣ್ಣಿಗೆ, ಇನ್ನೊಬ್ಬ ಕಿರೀಟ ಇಟ್ಕೊಳ್ಳೋ ತನಕ ದೇಶಕ್ಕೆ ಕಾನೂನೇ ಇಲ್ಲ. ನಾನೇನು ಮಾಡ್ದೆ ಗೊತ್ತಾ? ಕಿಂಡೀಲಿ ಮುಖ ಇಟ್ಟು ನಕ್ಕೆ. ನಕ್ಕೆ ಕಣಯ್ಯಾ. 'ದೊರೆ ಸತ್ತ ಕಣೋ, ನಿನ್ನ ತಪ್ಪೂ ಸತ್ತುಹೋಯ್ತು. ಒಳಗೆ ಬಂದ್ರೆ ದೇಶ ಬಿಡ್ಬೇಕು, ಮಗು ಮುಖ ಮತ್ತೆ ನೋಡಲ್ಲ ನೀನು' ಅಂದೆ. 'ಹಾಗಾದ್ರೆ ಮನೆಗೆ ಹೋಗ್ಲಾ ಅಣ್ಣಾ?' ಅಂದ. ಹೋಗು ಅಂದೆ..."

ಹೆಂಡ ಬಗ್ಗಿಸುತ್ತಿದ್ದ ಹಾವಿಸ್ ಕೈ ನಿಲ್ಲಿಸಿದಳು. ಮುದುಕ ಮುಂದುವರಿಸಿದ.

"ಕಾನೂನು ಅವನೊಬ್ಬನಿಗೇ ಸತ್ತಿತ್ತಾ? ಬೆನ್ನು ಹತ್ತಿದವರಿಗೂ ಸತ್ತಿತ್ತಲ್ಲ... ಅದು ಈ ಮಂಡೆಗೆ ಹೊಳೀಲಿಲ್ಲ. ನಾನು ಅಗುಳಿ ತೆಗೆಯೋ ಅಷ್ಟರಲ್ಲಿ ಮೆಟ್ಟಿಲ ಕೆಳಗೇ ಕೊಂದ್ಹಾಕಿದ್ರು. ಕೇಳೋರ್ಯಾರು? ಬಳೆ ಮಾತ್ರ ಇನ್ನೂ ಬೆಚ್ಚಗಿತ್ತು, ಅವನ ಕೈ ಬಿಸಿ."

"ಒಳ್ಳೇದಾಗ್ಲಿ ಅಂತ ತಾನೇ ಹೇಳಿದ್ದು ನೀನು?" ಎಂದ ಥರ್ಸ್ಟನ್.

"ಅದೇ ನನ್ನನ್ನ ತಿಂತಿರೋದು. ಕೆಟ್ಟದ್ದು ಬಯಸಿ ಹೇಳಿದ್ರೆ ಪಾದ್ರಿ ಹತ್ರ ಹೇಳ್ಕೊಂಡು ಪಾಪ ಕಳ್ಕೋತಿದ್ದೆ. ಆಮೇಲೆ ಇಬ್ರು ದೊರೆಗಳು ಸತ್ರು. ಎರಡು ಸಲಾನೂ ಸುದ್ದಿ ತರೋ ಕುದುರೆ ಬರೋಕೆ ಮೂರು ದಿನ ಮುಂಚೆ ಬಳೆ ಬಡೀತು. ತೆಗೆದ್ರೆ ಮೆಟ್ಟಿಲ ಮೇಲೆ ಯಾರೂ ಇಲ್ಲ, ಬಳೆ ಬೆಚ್ಚಗೆ. 'ಬಾರೋ ವಿಲ್ಕಿನ್, ಒಳಗೆ ಬಾ' ಅಂತ ಅಂಗಲಾಚಿದೆ. ಬರಲ್ಲ. ಅದೊಂದೇ ಮಾತು ಕೇಳ್ತಾನೆ, ಮನೆಗೆ ಹೋಗ್ಲಾ ಅಣ್ಣಾ ಅಂತ."

ಹಾವಿಸ್ ಮತ್ತೆ ಹೆಂಡ ಬಗ್ಗಿಸಿದಳು. "ಈಗಿನ ದೊರೆ ಗುಂಡುಕಲ್ಲಿನ ಹಾಗಿದ್ದಾನೆ ಬಿಡಜ್ಜ. ಮೊನ್ನೆ ತಾನೇ ಬೇಟೆಗೆ ಹೋಗಿದ್ನಂತೆ."

ಮುದುಕ ಕೀಲಿಕೈಯನ್ನು ಥರ್ಸ್ಟನ್‌ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

"ನಾನೂ ಹಾಗೇ ಅಂದ್ಕೊಂಡಿದ್ದೆ... ಇವತ್ತು ಬೆಳಿಗ್ಗೆ ತನಕ. ಹೋಗಿ ಬಳೆ ಮುಟ್ಟಿ ನೋಡು, ಇಷ್ಟು ಮಳೇಲೂ ತಣ್ಣಗಾಗಿಲ್ಲ. ಇನ್ಮೇಲೆ ನಿನ್ನನ್ನೇ ಕೇಳ್ತಾನೆ ಥರ್ಸ್ಟನ್... ಹೋಗು ಅಂತ ಮಾತ್ರ ಅನ್ಬೇಡಪ್ಪಾ."