ಸಹಿ ಹಾಕಿದ ಸಾಕ್ಷಿ

೧೯೮೩ರಲ್ಲಿ ಒಂದು ಬೆಳಿಗ್ಗೆ ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಕೂತಿದ್ದಾಗ ಪಕ್ಕದ ಇಬ್ಬರ ಮಾತು ಕಿವಿಗೆ ಬಿತ್ತು. ಒಬ್ಬರು ಇಸ್ತ್ರಿ ಮಾಡಿದ ಪಂಚೆಯುಟ್ಟ ಹಿರಿಯರು, ಇನ್ನೊಬ್ಬ ಟ್ರ್ಯಾಕ್ಟರ್ ಡ್ರೈವರ್. ಇಬ್ಬರೂ ಹೊನ್ನಾಳಿಯ ಬಸ್ಸಿಗೆ ಕಾಯುತ್ತಿದ್ದರು.

“ನೀವೂ ಕೋರ್ಟಿಗೇ ಹೊಂಟೀರಾ, ಯಜಮಾನ್ರೇ?”

“ಹೂಂ ತಮ್ಮಾ, ಸಾಕ್ಷಿ ಹೇಳಾಕೆ. ಯಾವನೋ ಕುಡಿದು ಟ್ರ್ಯಾಕ್ಟರ್ ಓಡಿಸಿದ್ನಂತೆ.”

“ನೀವು ನೋಡಿದ್ರಾ?”

“ಪೊಲೀಸ್ನೋರು ಕರೆದು ಸಹಿ ಹಾಕಿಸ್ಕಂಡ್ರು. ನೋಡೀನಿ ಅಂತ ಅದ್ರಾಗೆ ಬರ್ದೈತೆ. ಇದು ನಂದು ಹನ್ನೊಂದನೇ ಕೇಸು.”

“ಅವನ ಹೆಸರೇನು?”

“ಧರ್ಮಪ್ಪ.”

ಡ್ರೈವರ್ ಹಿರಿಯರ ಕಡೆಗೆ ತಿರುಗಿ ಕೂತ.

“ನಾನೇ ರೀ ಆ ಧರ್ಮಪ್ಪ. ಆವತ್ತು ಒಂದು ತೊಟ್ಟೂ ಕುಡಿದಿಲ್ಲ.”

“ಕುಡಿದಿದ್ರೆ ಡಾಕ್ಟ್ರ ಚೀಟಿನೇ ಸಾಕಾಗ್ತಿತ್ತು. ನನ್ನನ್ಯಾಕೆ ಕರೀತಿದ್ರು?”

“ಲೈಸೆನ್ಸ್ ಹೋದ್ರೆ ನನ್ನ ಹೊಟ್ಟೆಪಾಡೇ ಹೋಗ್ತೈತೆ. ನೋಡಿಲ್ಲ ಅಂತ ನಿಜ ಹೇಳ್ರಿ.”

“ಸಹಿ ಹಾಕಿದ ಮೇಲೆ ಮಾತು ತಪ್ಪಾಕಾಗ್ತೈತಾ? ನನಗೂ ಒಂದು ಮರ್ಯಾದೆ ಐತೆ.”

“ಹಂಗಾದ್ರೆ ನನ್ನ ಗತಿ?”

“ನಿನಗೆ ವಕೀಲ್ರು ಅದಾರೆ, ಕಾನೂನು ಐತೆ. ನನಗ್ಯಾರದಾರೆ? ಕೋರ್ಟಿನಾಗೆ ನಿನ್ನ ಗುರುತು ಹೆಂಗಪ್ಪ ಹಿಡಿಯೋದು ಅಂತ ಮೂರು ದಿನದಿಂದ ಅದೇ ಯೋಚ್ನೆ ಆಗಿತ್ತು.”

ಬಸ್ಸು ಬಂತು. ಹಿರಿಯರು ಮೊದಲು ಹತ್ತಿ, ಟವೆಲ್ ಹಾಕಿ ಇಬ್ಬರಿಗೂ ಸೀಟು ಹಿಡಿದು ಕರೆದರು.

“ಬಾ ತಮ್ಮಾ, ಇಲ್ಲೇ ಕುಂತ್ಕ. ಹೊನ್ನಾಳಿ ಬರೋತನಕ ನಿನ್ನ ಮುಖ ಸರಿಯಾಗಿ ನೋಡ್ಕಂತೀನಿ.”

ಧರ್ಮಪ್ಪ ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಸುತ್ತಿಕೊಂಡು, ಅವರನ್ನು ದಾಟಿ ಹಿಂದಿನ ಸೀಟಿಗೆ ಹೋದ.