ಬೆಚ್ಚಗಿನ ಒದ್ದೆ ಬಟ್ಟೆ

ನಮ್ಮ ಚಿಕ್ಕಪ್ಪನ ಮಗಳು ಔಷಧಿ ಅಂಗಡಿಯಿಂದ ಬರುವಾಗ ಬೀದಿಯೆಲ್ಲ ಮಲಗಿತ್ತು. ಒಂದು ಕೈಯಲ್ಲಿ ಮಾತ್ರೆ. ಇನ್ನೊಂದರಲ್ಲಿ ಗಂಡನ ಹಳೇ ಬ್ಯಾಂಡೇಜು ಸುತ್ತಿದ ಪೊಟ್ಟಣ. ಗಂಡ ದರ್ಜಿ. ಹೊಟ್ಟೆ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಹೊಲಿಗೆಯಲ್ಲಿ ಕೀವು ಕಟ್ಟಿತ್ತು. ಆ ನಾತ… ತುತ್ತು ಬಾಯಿಗಿಟ್ಟರೂ ಅದೇ ನಾತ. ದಾರಿಯ ಕಸದ ತೊಟ್ಟಿ ತುಂಬಿ ಚೆಲ್ಲಿತ್ತು. "ಥೂ" ಅಂತ ಪೊಟ್ಟಣವನ್ನು ಪಕ್ಕದ ಹಾಳುಬಾವಿಗೆ ಎಸೆದಳು.

ಬಿದ್ದ ಸದ್ದು ಬರಲಿಲ್ಲ. ಬಂದದ್ದು… ಚಪ್, ಚಪ್, ಚಪ್. ಹಲ್ಲಿಲ್ಲದ ಬಾಯಿ ಏನನ್ನೋ ಮೆಲ್ಲುವ ಸದ್ದು.

ಹಿಂದೆ ತಿರುಗದೆ ಓಡಿದಳು.

ಮಾರನೇ ದಿನದಿಂದಲೇ ಗಾಯ ಮಾಯಲು ಶುರುವಾಯಿತು. ಕೀವಿಲ್ಲ, ನಾತವಿಲ್ಲ. ಗಂಡ ಗೆಲುವಾಗಿ ಎದ್ದು ಕೂತ.

"ಪುಣ್ಯ ಮಾಡಿದ್ದೆ ಕಣೇ. ರಾತ್ರಿಯೆಲ್ಲ ಒದ್ದೆ ಬಟ್ಟೇಲಿ ಒರೆಸ್ತೀಯಲ್ಲ…"

"ನಾನಾ? ನಾನು ಮುಟ್ಟೇ ಇಲ್ಲ ರೀ."

"ತಮಾಷೆ ಮಾಡ್ಬೇಡ. ಬೆಚ್ಚಗಿರುತ್ತೆ ಬಟ್ಟೆ. ಸ್ವಲ್ಪ ತರಿತರಿ."

ಆ ರಾತ್ರಿ ಅವಳು ಕಣ್ಣು ಮುಚ್ಚಿಕೊಂಡು ಎಚ್ಚರವಾಗಿದ್ದಳು. ಮಂಚದ ಕಡೆಯಿಂದ… ಲೊಚ್. ಲೊಚ್. ನಾಯಿ ತಟ್ಟೆ ನೆಕ್ಕಿದ ಹಾಗೆ. ದೀಪ ಹಾಕಿದಳು. ಗಂಡನ ಹೊಟ್ಟೆಯ ಮೇಲೆ ಮುದುಕಿಯೊಬ್ಬಳು ಬಗ್ಗಿದ್ದಳು. ಪಾಚಿ ಹತ್ತಿದ ಬೆನ್ನು. ನಾಲಿಗೆ ಗಾಯದೊಳಗೆ. ಗಂಡ ನಿದ್ದೆಯಲ್ಲೇ ಹಾಯಾಗಿ ನಗುತ್ತಿದ್ದ.

ಅವಳು ಪೊರಕೆ ಎತ್ತಿಕೊಂಡಳು. "ಥೂ, ಹಲ್ಕಾ! ಬಿಡ್ತೀಯೋ ಇಲ್ವೋ!"

ಮುದುಕಿ ತಲೆ ಎತ್ತಿದಳು. ಗಲ್ಲದಿಂದ ಹಳದಿ ಎಳೆಯೊಂದು ಜೋತಾಡುತ್ತಿತ್ತು. ಅದನ್ನೂ ಸುರ್ರ್ ಅಂತ ಹೀರಿಕೊಂಡಳು.

"ಇನ್ನೊಂಚೂರಿದೆ ಕಣಮ್ಮ…" ಅಂದಳು ಮೆಲ್ಲಗೆ. "ಹೇಗೂ ನಿನಗೆ ಹೇಸಿಗೆ ಅಲ್ವಾ?"

ಪೊರಕೆ ಬೀಸಿದಳು. ಏನೂ ತಾಕಲಿಲ್ಲ. ನೆಲದ ಮೇಲೆ ಜೊಲ್ಲು ಮಾತ್ರ, ಉಗುರುಬೆಚ್ಚಗೆ. ಬಚ್ಚಲಿಗೆ ಓಡಿ ಕರುಳೇ ಬಾಯಿಗೆ ಬರುವಂತೆ ವಾಂತಿ ಮಾಡಿಕೊಂಡಳು. ಬಾಯಿ ತೊಳೆದು ಬಂದವಳು ಬಿಸಿನೀರು ಕಾಯಿಸಿ, ಮೂಗು ಮುಚ್ಚಿಕೊಳ್ಳದೆ, ಗಾಯವನ್ನು ತಾನೇ ತೊಳೆದಳು. ಅವತ್ತಿನಿಂದ ದಿನಾ ಅವಳೇ. ಆ ಸದ್ದು ಮತ್ತೆ ಕೇಳಲಿಲ್ಲ.

ಹೊಲಿಗೆ ಬಿಚ್ಚಲು ನರ್ಸ್ ಮನೆಗೇ ಬಂದಳು. "ಎಷ್ಟು ಚೆನ್ನಾಗಿ ಮಾಯ್ದಿದೆ!" ಅಂತ ಚಿಮಟದಲ್ಲಿ ಒಂದು ಎಳೆ ಹಿಡಿದು ಎಳೆದಳು. ದಾರ ಅಲ್ಲ… ಕೂದಲು. ಎಳೆದಷ್ಟೂ ಬಂತು. ಮೊಳದುದ್ದ, ಅಚ್ಚ ಬಿಳಿ, ಜಿಡ್ಡುಜಿಡ್ಡು.

ನಾನೇನೂ ಕಟ್ಟಿ ಹೇಳ್ತಿಲ್ಲ. ಆ ನರ್ಸ್ ಈಗಲೂ ಇದ್ದಾಳೆ, ಹೋಗಿ ಕೇಳಿ. ಗಂಡ ಹೆಂಡತಿ ಇಬ್ಬರ ತಲೆಯಲ್ಲೂ ಒಂದೇ ಒಂದು ಬಿಳಿ ಕೂದಲಿರಲಿಲ್ಲ.