ಪಾವತಿ ಮ್ಯಾಲಿನ ಹೆಸರು

ಏ, ಆ ಕಿಡಕಿ ಅಲ್ಲ ಮಾಯಾ, ಅದು ಮುದುಕರ ಪಗಾರದ್ದು! ನಮ್ಮದು ಈಚೀಕಡೆ, ಮೂಲ್ಯಾಗಿಂದು. ಹಾಕ್ಯಾರ ನೋಡು, ಊಟಕ್ಕ ಹೋಗ್ಯಾರ. ಬರ್ತಾರ ತಗೋ, ಅವರಿಗೂ ಹೊಟ್ಟಿ ಐತಿ. ಬಾ, ಇಲ್ಲೆ ಬೇವಿನ ಗಿಡದ ಬುಡಕ ಕುಂದ್ರು. ಬುತ್ತಿ ಬಿಚ್ಚತೇನಿ. ಝುಣಕದ ವಡಿ ಮಾಡೇನಿ, ತಂಗಿಗೆ ಸೇರ್ತೈತಿ ಅಂತ ಐದಕ್ಕ ಎದ್ದು... ಹಿಡಿ. ಹಿಡಿ ಅಂದ್ರ ಹಿಡಿ! ಅಕ್ಕ ಕೊಟ್ಟಿದ್ದ ತಿನ್ನಾಕ ನಾಚಿಗಿ ಏನ ನಿನಗ?

ಇದು ನಾಕನೇ ಸರತಿ, ಹೌದಿಲ್ಲ? ಗೋಕಾಕಕ್ಕ ಎರಡ ಸಲ ಆತು, ಈ ಮೂಡಲಗಿ ಕಚೇರಿಗೆ ಇದು ಎರಡನೇದು. ಏನ್ ಮಾಡೂದವಾ! ಮೊದಲ ನಮ್ಮೂರು ಗೋಕಾಕ ತಾಲೂಕಿನ್ಯಾಗ ಇತ್ತು. ಮೂಡಲಗಿ ಬ್ಯಾರೆ ತಾಲೂಕ ಆತು, ಕಾಗದ ಎಲ್ಲಾ ಗಂಟ ಕಟ್ಟಿ ಈ ಕಡೆ ಕಳಿಸಿದ್ರು. ಯಾವ ಗಂಟಿನ್ಯಾಗ ನಮ್ಮ ಅವ್ವನ ಮನಿ ಕುಂತೈತೋ ಯಾರಿಗೆ ಗೊತ್ತು. ಸಿಗ್ತೈತಿ, ಸಿಗ್ತೈತಿ. ತಾಳಿದಾಂವ ಬಾಳ್ಯಾನು. ಅಲ್ಲಿ ನೋಡು, ಆ ಧೋತರದ ಮುತ್ಯಾನ ಚೀಲ! ಹನ್ನೊಂದ ವರ್ಷ ಆತಂತ ಏನೋ ಹುಡುಕಾಕತ್ತು. ಅವನ ಮುಂದ ನಾವು ಇನ್ನೂ ತೊಟ್ಟಲದಾಗ ಅದೇವಿ.

ಯಾಕ ನಗ್ತಿ? ... ನಕ್ಕಿಲ್ಲಾ? ನಕ್ಕಂಗ ಕಂಡತು.

ಅವ್ವನ ಮನಿ ಉತಾರ ಸಿಕ್ಕಿತು ಅಂದ್ರ ಮುಂದಿಂದೆಲ್ಲಾ ಹಗುರ. ಮನಿ ನಂಬರ ಇರ್ತೈತಿ ಅದರಾಗ, ಉದ್ದ ಅಗಲ ಇರ್ತೈತಿ, ನಾಕೂ ದಿಕ್ಕಿಗೆ ಯಾರ್ಯಾರ ಅದಾರ ಅನ್ನೂದು ಇರ್ತೈತಿ, ಕಡೀಕ ಮಾಲಕರ ಹೆಸರ. ಅವ್ವನ ಹೆಸರ ತಗಸಿ ವಾರಸಾ ಹಚ್ಚೂದು, ನಂದೊಂದು ನಿಂದೊಂದು. ಆಮ್ಯಾಲ ಕೀಲಿ ನಿನ್ನ ಕೈಯಾಗ! ಕಾಗದ ಇಲ್ದ ಒಳಗ ಹೊಕ್ಕಿ ಅಂದ್ರ ನಾಳೆ ಯಾರರ ಬಂದು ಎಬ್ಬಸ್ತಾರ. ನಿನ್ನ ಗಂಡನ ಊರು ದಡ್ಡ್ಯಾಗ ಮೈದುನರು ಎಬ್ಬಸಾಕತ್ತಂಗ. ಗಂಡ ಸತ್ತು ವರ್ಷ ತುಂಬಿಲ್ಲ, ಯುಗಾದಿಯೊಳಗ ಖೋಲಿ ಖಾಲಿ ಮಾಡು ಅಂತಾರಲ್ಲ, ಏನ್ ಮಂದಿ ಅವರು! ಎದಿಯಾಗ ಏನ ಕಲ್ಲ ಇಟಗೊಂಡಾರೋ. ಒಡಹುಟ್ಟಿದವರು ಇರೂದು ಮತ್ತ ಯಾತಕ್ಕ? ನಾ ಅದೇನಿ ನಿನಗ.

ನಿನಗ ನಾಕ ಅಕ್ಷರ ಬರ್ತಿದ್ರ ಇಷ್ಟ ತ್ರಾಸ ಇರಲಿಲ್ಲ. ನನ್ನ ಏಳನೇ ತನಕ ಸಾಲಿಗೆ ಹಾಕಿದ್ಲು ಅವ್ವ. ನಿನ್ನ ಹಾಕೂ ಹೊತ್ತಿಗೆ ಅಪ್ಪ ಹ್ವಾದ. ಇರಲಿ ಬಿಡು. ಬಸ್ಸಿನ ಬೋರ್ಡ ಇರಲಿ, ನಿನ್ನ ಗಂಡನ ದವಾಖಾನಿ ಚೀಟಿ ಇರಲಿ, ಎಲ್ಲಾ ನಾನ ಓದಿ ಹೇಳೇನಿ. ಅಕ್ಕ ಓದಿದ್ಲು ಅಂದ್ರ ಮುಗೀತು, ಅಂತಿದ್ದಿ ನೀ. ಅಂತಿದ್ದಿಲ್ಲ?

ಪಾವತಿ ಚೀಲ ತಂದಿಯಲ್ಲ? ಛಲೋ ಆತು. ಇಂಥಾವ ಬೇಕಾಗ್ತಾವ. ನೋಡು, ಎಲ್ಲಾ ಶೆಟ್ಟೆಪ್ಪನ ಅಕ್ಷರ. ಮನಿಪಟ್ಟಿ ವಸೂಲಿಗೆ ಸೈಕಲ್ ಮ್ಯಾಲ ಬರ್ತಿದ್ದ, ಕಿವ್ಯಾಗ ಪೆನ್ನ ಸಿಗಿಸಿಕೊಂಡು. ಬುಕ್ಕ ತಗದು ನೋಡತಿದ್ದಿಲ್ಲ ಆ ಪುಣ್ಯಾತ್ಮ, ಊರಿಗೂರು ಬಾಯಾಗ ಇತ್ತ ಅವನಿಗೆ. ಕಟ್ಟಿ ಮ್ಯಾಲ ಕುಂತು ಚಾ ಕುಡಿಯೂದ್ರಾಗ 'ಅಲ್ಲವ್ವ' ಅಂತ ಅವ್ವನ ಹೆಸರ ಗೀಚಿ ಪರ್ರ್ ಅಂತ ಹರದು ಕೊಡ್ತಿದ್ದ. ಅವ್ವ ಸತ್ತು ನಾಕ ವರ್ಷ ಆದ್ರೂ ಅಲ್ಲವ್ವ, ಅಲ್ಲವ್ವ! ಇಲ್ಲಿ ನೋಡು, ಇದೂ ಅಲ್ಲವ್ವ. ಈಗ ಅವನೂ ರಿಟೈರ್ ಆದ. ನೀನೂ ಭಾಳ ನಿಯತ್ತಿನಾಕಿ. ಎಲ್ಲೆಲ್ಲಿ ಕೂಲಿ ಮಾಡಿದ್ಯೋ, ವರ್ಷಾ ಪಟ್ಟಿ ರೊಕ್ಕ ಮಾತ್ರ ತಪ್ಪಿಸಲಿಲ್ಲ. 'ಅವ್ವನ ಮನಿ ಬಾಕಿ ಇರಬಾರದಕ್ಕಾ' ಅಂತ. ಕೊಟ್ಟಾಂವ ಕೋಡಂಗಿ, ಇಸಕೊಂಡಾಂವ ಈರಭದ್ರ ಅಂತಾರ... ಏ, ಸುಮ್ಮನ ಅಂದ್ನಿ. ಬಾಯಿಗೆ ಬಂತು, ಅಂದ್ನಿ.

ಮಾಯಾ, ಇವತ್ತ ನೀ ಒಂದೂ ಕೇಳಿಲ್ಲ ನೋಡು. ಹ್ವಾದ ಸಲ ಬಸ್ ಹತ್ತಿದಾಗಿಂದ 'ಇವತ್ತ ಸಿಗ್ತೈತೇನಕ್ಕಾ, ಇವತ್ತ ಸಿಗ್ತೈತೇನಕ್ಕಾ' ಅಂತ ತಲಿ ತಿಂದಿದ್ದಿ. ಇವತ್ತ ಬಾಯಿಗೆ ಬೀಗ ಹಾಕ್ಕೊಂಡ ಬಂದಿಯೇನು? ವಡಿನೂ ಹಂಗ ಐತಿ ಕೈಯಾಗ. ಆರಾಮಿಲ್ಲೇನು? ದಡ್ಡಿಯಿಂದ ಹುಕ್ಕೇರಿ ಬಸ್ಸಿನ್ಯಾಗ ಮುಂಜ ಮುಂಜಾನೆ ನಿಂತ ಬಂದಿರಬೇಕು, ಕಣ್ಣ ಕೆಂಪ ಆಗ್ಯಾವ.

ಸೆರಗಿನ ಗಂಟ ಯಾಕ ಬಿಚ್ಚಾಕತ್ತಿ? ರೊಕ್ಕ ಬ್ಯಾಡ, ಬಸ್ ಚಾರ್ಜ ಎಲ್ಲಾ ನಾ... ರೊಕ್ಕ ಅಲ್ಲಾ? ಏನಿದು? ಇದು ಶೆಟ್ಟೆಪ್ಪಂದಲ್ಲ. ಸಣ್ಣ ಚೀಟಿ... ಬಸ್ ತಿಕೀಟ ಇದ್ದಂಗ ಐತಿ... ಮಷೀನಿಂದು. ಪಂಚಾಯ್ತಿಗೆ ಹೋಗಿದ್ಯಾ? ಒಬ್ಬಾಕೀನ? ಯಾಕ! ಈ ವರ್ಷದ್ದ ನಾ ತುಂಬತೇನಿ ಅಂದಿದ್ದಿಲ್ಲೇನು? ನನ್ನ ಕೈಯಾಗ ಕೊಡೂದ ಬಿಟ್ಟು...

ಏನು? ಓದಲಿ? ನಾನ ಓದಬೇಕ?

ಆತು, ಓದ್ತೇನಿ. ಅದರಾಗೇನೈತಿ. ಮನಿ ನಂಬರ ನೂರಾ ಎಪ್ಪತ್ತಾರು. ಬರೋಬ್ಬರಿ ಐತಿ. ತಾರೀಖು... ನಿನ್ನೇದು. ನಿನ್ನೇನ ಬಂದಿದ್ದಿ ನೀ? ಮತ್ತ ನನ್ನ ಮನಿಗೆ ಬರಲಿಲ್ಲ? ರಾತ್ರಿ ಎಲ್ಲಿ... ಅವ್ವನ ಮನಿ ಕಟ್ಟಿ ಮ್ಯಾಲ? ಕೀಲಿ ಹಾಕಿದ ಬಾಗಲದ ಮುಂದ ಮಲಗಿದ್ಯಾ ಹುಚ್ಚೀ! ಅಲ್ಲೇ ನಾಕ ಹೆಜ್ಜಿ ಮ್ಯಾಲ ಅಕ್ಕ ಅದಾಳ, ಅಕ್ಕನ ಕಡೆ ಕೀಲಿ ಐತಿ...

ಓದ್ತೇನಿ, ಓದ್ತೇನಿ, ತಡಿ. ಮಾಲಕರ ಹೆಸರು... ಶಾಯಿ ಮಬ್ಬ ಐತವಾ... ಅಲ್ಲವ್ವ. ಹೂಂ. ಅಲ್ಲವ್ವ ಅಂತ ಐತಿ.

ಯಾಕ ಹಂಗ ನೋಡ್ತಿ?

ಅಲ್ಲವ್ವ ಅಂತನ ಐತಿ, ಮತ್ತೇನಿರ್ತೈತಿ! ... ಮಾಯಾ. ಯಾರರ ಓದಿ ಹೇಳ್ಯಾರೇನ ನಿನಗ? ಮಷೀನ ಮುಂದ ಕುಂದ್ರತಾಳಲ್ಲ, ಆ ಆಮ್ರಪಾಲಿ? ಹೆಸರ ಗಟ್ಟ್ಯಾಗಿ ಓದಿ, ಆಮ್ಯಾಲ ಕೈಯಾಗ ಕೊಟ್ಟಳು?

ಅಂದ್ರ... ನಿನ್ನೆಯಿಂದ ಗೊತ್ತೈತಿ ನಿನಗ. ಗೊತ್ತಿದ್ದೂ ನನ್ನ ಬೆನ್ನ ಹಿಂದ ಬಸ್ ಹತ್ತಿದಿ. ನಾ ಕಾಗದದ ಗಂಟಿಂದು ಹೇಳಿದ್ನಿ, ಕೇಳಿದಿ. ವಾರಸಾ ಹೇಳಿದ್ನಿ, ಕೇಳಿದಿ. ನಾನಾಗೇ ಬಾಯಿ ಬಿಡಲಿ ಅಂತ ಕಾದಿಯೇನ ಮಾಯಾ? ಮುಂಜಾನಿಂದ?

ಬೈ ನನ್ನ. ಮಂದಿ ಕೂಡಲಿ, ಬೈ! ನಿನ್ನ ಕಾಲ ಬೀಳ್ತೇನಿ.

ಇಂದ್ರವ್ವ ಕೋಂ ಭೀಮಶಿ. ನನ್ನ ಹೆಸರ ಐತಿ. ಅವ್ವ ಸಾಯೂದಕ್ಕ ಒಂದ ವರ್ಷ ಮೊದಲಿಂದ ನನ್ನ ಹೆಸರ ಐತಿ. ಶೆಟ್ಟೆಪ್ಪ ರೂಢಿಬಿದ್ದ ಅಲ್ಲವ್ವ ಅಂತ ಬರಕೊಂತ ಹ್ವಾದ, ನಾ ಸುಮ್ಮನಿದ್ನಿ. ಮನಿ ಉತಾರ ಈ ಕಚೇರ್ಯಾಗ ಇರೂದ ಇಲ್ಲವಾ. ಗೋಕಾಕದಾಗೂ ಇಲ್ಲ. ನಮ್ಮೂರ ಪಂಚಾಯ್ತ್ಯಾಗ ಐತಿ, ಅವ್ವನ ಮನಿಯಿಂದ ಕೂಗಿದ್ರ ಕೇಳೂ ಅಷ್ಟ ದೂರ. ಈ ಕಿಡಕಿಗೆ ಬಂದು ನಾ ಅವ್ವನ ಹೆಸರ ಎತ್ತೇ ಇಲ್ಲ. ನಮ್ಮ ಹೊಲದ ಉತಾರ ಕೇಳಿದ್ನಿ. ಕೊಟ್ರು ಪಾಪ, ಅರ್ಧ ತಾಸಿನ್ಯಾಗ. ಮಡಚಿ ಕುಬಸದಾಗ ಇಟಗೊಂಡು ಬಂದು, ಸಿಗಲಿಲ್ಲ ತಂಗೀ ಅಂದ್ನಿ. ನೀ ಬ್ಯಾಸತ್ತು ಬಿಟ್ಟಬಿಡ್ತಿ ಅಂತ ತಿಳದಿದ್ನಿ. ನೀ ಬಿಡಲಿಲ್ಲ.

ಆರು ವರ್ಷ ಅವ್ವನ ಹೊಲಸ ಬಳದೇನಿ ಈ ಕೈಲೆ. ಮೈ ತೊಳೀವಾಗ ಯಾರನ್ನ ಕರೀತಿದ್ಲು ಗೊತ್ತೇನು? ಮಾಯಾ, ಮಾಯಾ. ತೊಳಿಯಾಕಿ ನಾನು, ಕರಿಯೂದು ನಿನ್ನ! ಹೊಟ್ಟಿ ಉರೀತು ನನಗ. ಮನಿಯವರು ಗಂಟ ಬಿದ್ದು ಮಾಡಿಸಿದ್ರು ಅಂತ ಹೇಳಬಹುದು. ಹೇಳಿದ್ರ ನೀ ನಂಬತಿ. ಆದ್ರ ಅದೂ ಸುಳ್ಳ ಆಗ್ತೈತಿ. ನಾನ ಮಾಡೇನಿ.

ತಿರಗಿ ಮಾಡಾಕ ಬರೂದಿಲ್ಲವಾ. ಮನಿ ಮಾರಾಕ ಹ್ವಾದ ತಿಂಗಳ ಸಂಚಕಾರದ ರೊಕ್ಕ ತಗೊಂಡಾತು. ಸೈ ಮಾಡೇನಿ. ರೊಕ್ಕಾನೂ ಖರ್ಚಾತು. ಯುಗಾದಿ ಮರದಿನ ತಗೊಂಡವರು ಮನಿ ಕೆಡವ್ತಾರ, ಗೊಬ್ಬರದ ಅಂಗಡಿ ಕಟ್ಟತಾರಂತ. ಹದಿನೆಂಟ ದಿನ ಐತಿ. ಈ ಕೀಲಿ ತಗೋ, ಅಲ್ಲೀತನಕರ ಒಳಗ ಇರು... ತಗೋ ಮಾಯಾ. ಕಟ್ಟಿ ಮ್ಯಾಲ ಮಲಗಬ್ಯಾಡ... ತಗೊಳ್ಳೂದಿಲ್ಲಾ? ಆ ಮ್ಯಾಲ ಎಲ್ಲಿಗೆ ಹೋಗ್ತಿ? ನನ್ನ ಮನಿಗೆ ಬಾ ಅಂತ ಯಾವ ಬಾಯಿಲೆ ಅನ್ನಲಿ?

ಕಿಡಕಿ ತಗದ್ರು. ತಗೀಲಿ ಬಿಡು, ನಮಗೇನ ಕೆಲಸ ಐತಿ ಅಲ್ಲಿ.

ಆ ಚೀಟಿ ಕೆಳಗ ಇಳಸು. ಮಾರಿ ಮುಂದ ಹಿಂಗ ಹಿಡೀಬ್ಯಾಡ. ಅವ್ವನೂ ಹಿಂಗ ಹಿಡದಿದ್ಲು, ಬಕ್ಷೀಸಪತ್ರ, ಮನಿ ದಾನ ಕೊಡೂ ಕಾಗದ. ಬರದಾಂವ ಹೊರಗ ಚಾ ಕುಡಿಯಾಕತ್ತಿದ್ದ. ಅವ್ವನ ಹೆಬ್ಬಟ್ಟಿಗೆ ನಾನ ಶಾಯಿ ಹಚ್ಚಿದ್ನಿ. ಮುದುಕಿ ಹುಷಾರ, ಒತ್ತಲಿಲ್ಲ. 'ಓದು ಇಂದ್ರಾ' ಅಂದ್ಲು. 'ಮಾಯಾನ ಹೆಸರೂ ಐತಿಲ್ಲ?' ... ಓದಿದ್ನಿ ಮಾಯಾ. ನಂದೂ ಓದಿದ್ನಿ, ನಿಂದೂ ಓದಿದ್ನಿ. 'ಮಾಯಾಂದು ಇನ್ನೊಮ್ಮೆ ಓದು' ಅಂದ್ಲು.

ಇನ್ನೊಮ್ಮೆ ಓದಿದ್ನಿ. ಆಮ್ಯಾಲ ನಕ್ಕು ಒತ್ತಿದ್ಲು.